ದನಿ ಬಾರದ ಹರಿಗೋಲು

ನಾನು ಕೋಲಾರದ ಕಡೆಯವನು, ನಮ್ಮದು ಮೀನು ಹಿಡಿಯುವ ಮನೆ ಎಂದರೆ ಕೇಳಿದವರು ನಗುತ್ತಾರೆ. ಸಮುದ್ರ ಇಲ್ಲ, ಹೊಳೆ ಎಂದು ಹೆಸರಿಗೆ ಇರುವುದರಲ್ಲಿ ವರ್ಷದ ಮುಕ್ಕಾಲು ಪಾಲು ಮರಳು, ನಿಮಗೆಲ್ಲಿಂದ ಬಂತಯ್ಯ ರೇವು ಎನ್ನುತ್ತಾರೆ. ನಗಲಿ. ಮುಳಬಾಗಿಲಿನಿಂದ ನಂಗಲಿಗೆ ಹೋಗುವ ದಾರಿಯಲ್ಲಿ ಒಂದು ಕಡೆ ಬಲಕ್ಕೆ ತಿರುಗಿ ಒಂದೂವರೆ ಮೈಲಿ ನಡೆದರೆ ನಮ್ಮ ಕೆರೆ. ಏರಿಯ ಮೇಲೆ ನಿಂತರೆ ಆಚೆ ದಡದಲ್ಲಿ ಮೇಯುವ ದನ ಎಮ್ಮೆಯೋ ಎತ್ತೋ ಗೊತ್ತಾಗುತ್ತಿರಲಿಲ್ಲ, ಅಷ್ಟು ಅಗಲ. ತೂಬಿನಿಂದ ಕೂಗಳತೆ ದೂರದಲ್ಲಿ ಒಂದು ಹಾಸುಬಂಡೆ ಇಳಿಜಾರಾಗಿ ನೀರಿಗೆ ಇಳಿದಿತ್ತು. ಅದೇ ನಮ್ಮ ರೇವು. ನನಗೆ ಬುದ್ಧಿ ಬಂದಾಗ, ಅಂದರೆ ಮೂವತ್ತರ ದಶಕ ಶುರುವಾದಾಗ, ಆ ಬಂಡೆಯ ಮೇಲೆ ಹನ್ನೊಂದು ಹರಿಗೋಲು ಬೋರಲು ಬಿದ್ದಿರುತ್ತಿದ್ದವು. ಮುಂದಿನ ದಶಕ ಮುಗಿಯುವುದರೊಳಗೆ ಒಂದೂ ಉಳಿಯಲಿಲ್ಲ. ಒಂಬತ್ತು ಹೋದದ್ದಕ್ಕೆ ಕಾಲವನ್ನು ಬೈಯಬಹುದು. ಹತ್ತನೆಯದು ಹೋದದ್ದಕ್ಕೆ, ಅದರ ಜೊತೆ ನನ್ನ ಅಣ್ಣ ಹೋದದ್ದಕ್ಕೆ, ಬೈಯಬೇಕಾದದ್ದು ನನ್ನನ್ನು. ಅಣ್ಣನಿಗೆ ಹೇಳು ಎಂದು ಅಮ್ಮ ಕೊಟ್ಟ ಒಂದು ಮಾತನ್ನು ನಾನು ಹೇಳಲಿಲ್ಲ. ಹೇಳಲಿಲ್ಲ ಎಂಬುದನ್ನೂ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಹರಿಗೋಲು ಎಂದರೆ ಬೇರೇನಲ್ಲ, ಮೂರು ಆಳು ಕೂರುವಂಥ ದೊಡ್ಡ ಬಿದಿರಿನ ಬುಟ್ಟಿ. ಹೊರಮೈಗೆ ಎತ್ತಿನ ಚರ್ಮವನ್ನು ನೆನೆಸಿ, ಎಳೆದು, ಬಿಗಿಯಾಗಿ ಹೊಲಿದು, ಹೊಂಗೆಣ್ಣೆ ಕುಡಿಸುತ್ತಿದ್ದರು. ಒಬ್ಬ ಹುಟ್ಟು ಹಾಕಬೇಕು, ಇನ್ನೊಬ್ಬ ಬಲೆ ಬಿಡಬೇಕು. ಬೆಳಕು ಹರಿಯುವ ಹೊತ್ತಿಗೆ ಹನ್ನೊಂದೂ ನೀರಿಗೆ ಇಳಿಯುತ್ತಿದ್ದವು. ಮುಂದೆ ಹೋಗುವುದು ಯಾವಾಗಲೂ ನಮ್ಮ ಅಪ್ಪನದು. ಅದು ಯಾಕೆ ಎಂದು ನಾನು ಕೇಳಿದವನಲ್ಲ, ಹಾಗೇ ನಡೆದು ಬಂದಿತ್ತು. ಕೆರೆಯ ನಡುವೆ ನೀರಲ್ಲಿ ನಿಂತು ಸತ್ತ ಜಾಲಿ ಮರಗಳ ಒಂದು ಗುಂಪಿತ್ತು. ಮೀನು ಇರುವುದೂ ಅಲ್ಲೇ, ಬಲೆ ಹರಿಯುವುದೂ ಅಲ್ಲೇ. ಅದರ ಸುತ್ತ ಬಲೆ ಬಿಟ್ಟು ಬಿಸಿಲೇರುವ ಮೊದಲು ತಿರುಗಿ ಬಂದರೆ ಬಂಡೆಯ ಮೇಲೆ ಚಿನ್ನದ ಗಣಿಯ ಕಡೆಯ ವ್ಯಾಪಾರಿಗಳು ಸೈಕಲ್ ಒರಗಿಸಿಕೊಂಡು ಕಾದಿರುತ್ತಿದ್ದರು. ಕೊರವ, ಗೆಂಡೆ, ಹಾವುಮೀನು, ಯಾವುದನ್ನೂ ಬಿಡುತ್ತಿರಲಿಲ್ಲ. ಮಿಕ್ಕದ್ದನ್ನು ನಮ್ಮ ಹೆಂಗಸರು ಬುಟ್ಟಿಯಲ್ಲಿ ಹೊತ್ತು ಮುಳಬಾಗಿಲಿನ ಸಂತೆಗೆ ಹೋಗುತ್ತಿದ್ದರು.

ಮೀನು ಇಳಿಸಿದ ಮೇಲೆ ಹರಿಗೋಲು ಹೆಂಗಸರದು. ಉರುಳಿಸಿಕೊಂಡು ಬಂದು ಬಂಡೆಯ ಮೇಲೆ ಬೋರಲು ಹಾಕಿ ಬಿಸಿಲಿಗೆ ಬಿಡುತ್ತಿದ್ದರು. ನೆನೆದ ಚರ್ಮ ಒಣಗದಿದ್ದರೆ ಹೊಲಿಗೆಯ ಹತ್ತಿರ ಕೊಳೆಯುತ್ತದೆ, ಕೊಳೆತದ್ದು ನಡುನೀರಿನಲ್ಲಿ ಬಾಯಿ ಬಿಡುತ್ತದೆ. ಇಳಿಹೊತ್ತಿಗೆ ಪ್ರತಿಯೊಬ್ಬಳೂ ತನ್ನ ಮನೆಯ ಹರಿಗೋಲಿನ ಬುಡವನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದಳು. ಒಣಗಿದ ಚರ್ಮ ತಮಟೆಯ ಹಾಗೆ ಟಣ್ ಎನ್ನುತ್ತಿತ್ತು. "ದನಿ ಬಂತೇನೇ?" ಎಂದು ಒಬ್ಬಳು ಕೇಳಿದರೆ "ಬಂತು" ಎಂದು ಇನ್ನೊಬ್ಬಳು ಅನ್ನಬೇಕು. ದನಿ ಬಾರದ ಹರಿಗೋಲು ಮಾರನೆಯ ದಿನ ನೀರಿಗಿಳಿಯುವ ಹಾಗಿರಲಿಲ್ಲ. ಗಂಡಸರು ಎಷ್ಟು ಹಾರಾಡಿದರೂ ಆ ವಿಷಯದಲ್ಲಿ ಹೆಂಗಸರ ಮಾತೇ ಕಡೆಯ ಮಾತು. ನನ್ನ ಅಮ್ಮನ ಕಿವಿ ಎಲ್ಲರಿಗಿಂತ ಚುರುಕು. ಕಣ್ಣು ಮುಚ್ಚಿಕೊಂಡು ಬಡಿದು, ಇದು ಇಂಥವರ ಮನೆಯದು, ಎಡ ಮಗ್ಗುಲಲ್ಲಿ ಇನ್ನೂ ಹಸಿ ಇದೆ ಎಂದು ಹೇಳುತ್ತಿದ್ದಳು. ಅಕ್ಕಪಕ್ಕದವರು ತಮ್ಮದನ್ನೂ ಅವಳ ಕೈಲೇ ಬಡಿಸುತ್ತಿದ್ದರು, ಅದಕ್ಕೆ ಅವಳಿಗೆ ಒಳಗೊಳಗೇ ಜಂಬವಿತ್ತು.

ಅಪ್ಪ ಜ್ವರದಲ್ಲಿ ಹೋದಾಗ ಅಣ್ಣನಿಗೆ ಇಪ್ಪತ್ತಾಗಿತ್ತು, ನನಗೆ ಹನ್ನೆರಡು. ನನ್ನನ್ನು ಹೆಗಲ ಮೇಲಿಂದ ನೀರಿಗೆಸೆದು ಈಜು ಕಲಿಸಿದವನು ಅವನು. ನಾಲ್ಕನೆಯ ತರಗತಿವರೆಗೆ ಓದಲಿ ಎಂದು ಹಟ ಹಿಡಿದು ನನ್ನನ್ನು ಮುಳಬಾಗಿಲಿನ ಸ್ಕೂಲಿಗೆ ಕಳಿಸಿದವನೂ ಅವನೇ. ಆ ಓದು ನನ್ನ ತಲೆಗೆ ಏರಿತು. ಓದಿದ್ದಲ್ಲ, ಓದಿದ್ದೇನೆ ಎಂಬುದು. ಇಡೀ ರೇವಿನಲ್ಲಿ ಕಾಗದ ಓದಬಲ್ಲವನು ನಾನೊಬ್ಬನೇ ಎಂದು ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು ಓಡಾಡುತ್ತಿದ್ದೆ. ಯಾರಾದರೂ ಒಂದು ಮಾತು ಹೆಚ್ಚಿಗೆ ಆಡಿದರೆ ವಾರಗಟ್ಟಲೆ ಮುಖ ಊದಿಸಿಕೊಂಡಿರುತ್ತಿದ್ದೆ. ಅಣ್ಣ ಅದಕ್ಕೆಲ್ಲ ನಗುತ್ತಿದ್ದ. ಅವನಿಗೆ ಎಲ್ಲದಕ್ಕೂ ನಗುವೇ.

ರೇವು ಖಾಲಿಯಾಗಲು ಶುರುವಾದದ್ದು ಯಾವಾಗ ಎಂದು ಗುರುತಿಟ್ಟು ಹೇಳಲಾರೆ. ಮೊದಲು ಎರಡು ಮನೆಯವರು ಚಿನ್ನದ ಗಣಿಗೆ ಕೂಲಿಗೆ ಹೋದರು. ಇನ್ನೊಂದು ಮನೆಯಲ್ಲಿ ಗಂಡಸರೇ ಉಳಿಯಲಿಲ್ಲ. ಅವರ ಹರಿಗೋಲುಗಳು ಬಂಡೆಯ ಮೇಲೆ ಬಿದ್ದಲ್ಲೇ ಬಿರುಕು ಬಿಟ್ಟವು. ಉಳಿದವರು ಹೇಗೋ ನಡೆಸುತ್ತಿದ್ದಾಗ ಯುದ್ಧ ಬಂತು. ಎಲ್ಲೋ ಯಾರೋ ಹೊಡೆದಾಡಿಕೊಂಡರೆ ನಮ್ಮ ಕೆರೆಗೇನು ಎಂದುಕೊಂಡಿದ್ದೆವು. ಎರಡು ಮೂರು ವರ್ಷಕ್ಕೊಮ್ಮೆ ಹರಿಗೋಲಿಗೆ ಹೊಸ ಚರ್ಮ ಆಗಬೇಕು. ಅದನ್ನು ಕೊಡುತ್ತಿದ್ದವರು ಮುಳಬಾಗಿಲಿನ ಒಬ್ಬ ವಯಸ್ಸಾದ ಸಾಬರು, ಅಪ್ಪನ ಕಾಲದಿಂದಲೂ ಅವರೇ. ನಾನೂ ಅಣ್ಣನೂ ಹೋಗಿ ಕೇಳಿದಾಗ ಅವರು ಖಾಲಿ ಮಂಡಿಯನ್ನು ತೋರಿಸಿದರು.

"ಚಮ್ಡಾ ಎಲ್ಲಾ ಮಿಲಿಟ್ರಿಗೆ ಹೋಗ್ತದೆ ತಮ್ಮಾ. ಬೂಟು, ಬೆಲ್ಟು, ಕುದುರೆ ಜೀನು. ಹಸೀದು ಇದ್ದಂಗೇ ಎತ್ಕೊಂಡು ಹೋಗ್ತಾರೆ. ನಿಮಗೆ ಇಲ್ಲ ಅನ್ನೋಕೆ ನನಗೂ ನಾಚಿಕೆ ಆಗ್ತದೆ."

ಅವರು ಸುಳ್ಳು ಹೇಳುವವರಲ್ಲ. ಬರುವಾಗ ಅವರೇ ಒಳಗಿನಿಂದ ಒಂದು ಹಳೇ ಡೇರೆ ಬಟ್ಟೆ ತಂದು, ಏನಕ್ಕಾದರೂ ಆಗ್ತದೆ ಎಂದು ಅಣ್ಣನ ಹೆಗಲಿಗೆ ಹಾಕಿದರು. ಆ ವರ್ಷ ರೇವಿನಲ್ಲಿ ಆರು ಹರಿಗೋಲು ಇದ್ದವು. ಮರುವರ್ಷಕ್ಕೆ ಎರಡಾದವು, ಎರಡೂ ನಮ್ಮ ಮನೆಯವೇ. ಒಂದು ಅಪ್ಪನದು, ತೇಪೆಯ ಮೇಲೆ ತೇಪೆ ಹಾಕಿದ್ದು. ಇನ್ನೊಂದು ಅಣ್ಣನದು, ಚರ್ಮವೆಲ್ಲ ಕೊಳೆತು ಬರೀ ಬಿದಿರು ಉಳಿದದ್ದು. ಬೇರೆ ಮನೆಗಳ ಗಂಡಸರು ಕೂಲಿಗೆ ಹೋದರು, ಇಲ್ಲವೆ ಸೊಂಟದಾಳ ನೀರಿನಲ್ಲಿ ನಿಂತು ಸಣ್ಣ ಬಲೆ ಬೀಸಿದರು. ಸಾಲಿನ ಮುಂದೆ ಹೋಗುತ್ತಿದ್ದ ಅಪ್ಪನ ಹರಿಗೋಲಿನ ಹಿಂದೆ ಈಗ ಯಾರೂ ಇರಲಿಲ್ಲ. ಅದರಲ್ಲಿ ಕೂತು ಹಿಂತಿರುಗಿ ನೋಡಿದರೆ ಬರೀ ನೀರು. ನಮ್ಮದೂ ಮುಗಿಯಿತು ಎಂದು ನನಗೆ ಆಗಲೇ ಗೊತ್ತಿತ್ತು. ಗಣಿಗೆ ಹೋಗೋಣ ಎಂದೆ. ಅಣ್ಣ ಕೇಳಲಿಲ್ಲ.

ನಂಗಲಿ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಅಣ್ಣ ಅಲ್ಲಿ ನಾಲ್ಕು ದಿನ ಕೂಲಿ ಮಾಡಿ, ಕೂಲಿಯ ಬದಲು ಒಂದು ಡಬ್ಬ ಡಾಂಬರು ತಂದ. ಸಾಬರು ಕೊಟ್ಟ ಡೇರೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ ತನ್ನ ಬಿದಿರಿನ ಮೇಲೆ ಎಳೆದು ಹೊಲಿದ. ಡಾಂಬರನ್ನು ತಾನೇ ಕುದಿಸಿ ಬಳಿದ. ಕಾರ್ತಿಕ ಮಾಸ. ಕಪ್ಪಗೆ, ಹೊಳೆಯುತ್ತ, ನೋಡಲು ಚೆನ್ನಾಗಿಯೇ ಇತ್ತು. ದಡದಲ್ಲಿ ಹತ್ತು ಜನ ಸೇರಿದ್ದರು. ನಾನು ಸುಮ್ಮನಿರಬಹುದಿತ್ತು. "ಬಟ್ಟೆಯಲ್ಲಿ ಕೆರೆ ದಾಟೋರನ್ನ ಇವತ್ತೇ ನೋಡಿದ್ದು" ಎಂದೆ. ಅಣ್ಣ ಅವತ್ತು ನಗಲಿಲ್ಲ.

"ಲೇ, ನಿನಗಿರೋದು ಬಾಯಿ ಒಂದೇ ಕಣೋ. ಕೈ ಇದ್ದಿದ್ರೆ ನೀನೂ ಒಂದು ಮಾಡಿ ತೋರಿಸ್ತಿದ್ದೆ."

ಹತ್ತು ಜನರೂ ನಕ್ಕರು. ಅಷ್ಟೇ ಆದದ್ದು. ಅಷ್ಟಕ್ಕೆ ನಾನು ಅವನ ಜೊತೆ ಮಾತು ಬಿಟ್ಟೆ. ಅವನ ಹರಿಗೋಲಿಗೆ ಕಾಲಿಡುವುದಿಲ್ಲ ಎಂದು ಅಮ್ಮನ ಹತ್ತಿರ ಹೇಳಿ, ಅಪ್ಪನ ಹಳೆಯದನ್ನು ತೆಗೆದುಕೊಂಡು ದಡದ ಹತ್ತಿರವೇ ತಿರುಗಾಡಿಕೊಂಡಿದ್ದೆ. ಅವನು ಒಬ್ಬನೇ ಜಾಲಿ ಮರಗಳ ಕಡೆ ಹೋಗುತ್ತಿದ್ದ. ಒಬ್ಬನೇ ಹೋಗುವವನು ಬಲೆಯ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ, ಹುಟ್ಟು ಹಾಕಲು ಎರಡು ಕೈಯೂ ಬೇಕಲ್ಲ. ನಾನು ಜೊತೆಗಿದ್ದಿದ್ದರೆ ಆ ಹಗ್ಗ ನನ್ನ ಕೈಯಲ್ಲಿರುತ್ತಿತ್ತು. ಮೂರು ತಿಂಗಳಿಗೂ ಮೇಲೆ ಒಂದೇ ಸೂರಿನಡಿ ಇದ್ದು, ಅತ್ತಿಗೆ ಬಡಿಸಿದ ಒಂದೇ ಮುದ್ದೆ ಮುರಿದು ತಿಂದು, ಒಬ್ಬರಿಗೊಬ್ಬರು ಮಾತಾಡಲಿಲ್ಲ. ಅವನು ಮಾತಾಡಿಸಲು ನೋಡುತ್ತಿದ್ದ, ನಾನು ಆಡುತ್ತಿರಲಿಲ್ಲ.

ಅಮ್ಮ ಎರಡನ್ನೂ ಪಕ್ಕಪಕ್ಕದಲ್ಲಿ ಬಂಡೆಯ ಮೇಲೆ ಬೋರಲು ಹಾಕುತ್ತಿದ್ದಳು. ಅವಳ ಪಾಲಿಗೆ ಹರಿಗೋಲು ಎಂದರೆ ಹರಿಗೋಲು, ನೀರಿಂದ ಬಂದದ್ದು ಒಣಗಬೇಕು. ಇಳಿಹೊತ್ತಿಗೆ ಅಪ್ಪನದನ್ನು ಬಡಿದರೆ ಟಣ್ ಎನ್ನುತ್ತಿತ್ತು. ಅಣ್ಣನದು ದಬ್ ಎನ್ನುತ್ತಿತ್ತು.

"ಬಟ್ಟೆಗೆ ಎಲ್ಲಮ್ಮಾ ದನಿ?" ಎಂದು ಅಣ್ಣ ನಗುತ್ತಿದ್ದ.

"ಒಣಗಿದ್ರೆ ಯಾಕೆ ಬರಲ್ಲ ನಾಯನಾ? ಚಳಿಗಾಲದ ಬಿಸಿಲು ಸಾಲ್ತಾ ಇಲ್ಲ" ಎನ್ನುತ್ತಿದ್ದಳು ಅಮ್ಮ. ಅವನು ಅವಳ ಮಾತನ್ನು ದಾಟಿ ಮಾರನೆಯ ದಿನ ನೀರಿಗಿಳಿಸಿದಾಗ ಅವಳ ಮುಖ ಸಣ್ಣದಾಗುತ್ತಿತ್ತು. ನಲವತ್ತು ವರ್ಷ ಹೇಳಿದ್ದು ನಡೆದಿತ್ತು, ಈಗ ನಡೆಯುತ್ತಿರಲಿಲ್ಲ. ಅದಕ್ಕೇ ದಿನದಿನಕ್ಕೂ ಅದನ್ನು ಹೆಚ್ಚು ಹೊತ್ತು ಬಿಸಿಲಿಗೆ ಬಿಡತೊಡಗಿದಳು. ನೆರಳು ಸರಿದರೆ ಅದನ್ನೂ ಸರಿಸುತ್ತಿದ್ದಳು, ಬಂಡೆ ಎಲ್ಲಿ ಹೆಚ್ಚು ಕಾದಿದೆಯೋ ಅಲ್ಲಿಗೆ ಉರುಳಿಸುತ್ತಿದ್ದಳು. ಚಳಿ ಇರುವವರೆಗೆ ಇದರಿಂದ ಏನೂ ಕೆಡಲಿಲ್ಲ, ಹಾಗಾಗಿ ಯಾರೂ ಬೇಡ ಎನ್ನಲಿಲ್ಲ.

ಶಿವರಾತ್ರಿ ಕಳೆಯಿತು, ಬಿಸಿಲು ತಿರುಗಿತು. ಹಬ್ಬದ ಮುಂದಿನ ವಾರ ಒಂದು ದಿನ ಅಣ್ಣ ಮೀನು ಇಳಿಸಿ, ಬಲೆಗೆ ನೂಲು ತರಲು ಮುಳಬಾಗಿಲಿಗೆ ಹೋದ. ಅವತ್ತೇ ಅಮ್ಮ ಶ್ರೀನಿವಾಸಪುರದ ಕಡೆ ಅವಳ ತಂಗಿಯ ಮನೆಗೆ ಸೀಮಂತಕ್ಕೆ ಹೊರಟಿದ್ದಳು. ಗಾಡಿ ಬಂದು ನಿಂತಿತ್ತು. ಆ ಅವಸರದಲ್ಲೂ ಬಂಡೆಯ ಹತ್ತಿರ ಹೋಗಿ ಬಡಿದು ನೋಡಿ, ಕೈಯನ್ನು ಸೆರಗಿಗೆ ಉಜ್ಜಿಕೊಳ್ಳುತ್ತ ನನ್ನ ಹತ್ತಿರ ಬಂದಳು.

"ಇವತ್ತೂ ದನಿ ಬರಲಿಲ್ಲ ಕಣೋ. ಬುಡ ಮೆತ್ತಗಾಗದೆ, ಕೈಗೆ ಅಂಟ್ತದೆ. ಒಳಗೆ ಇನ್ನೂ ಹಸಿ ಅದೆ. ನಾಳೆ ನೀರಿಗಿಳಿಸಬೇಡ, ಅಮ್ಮ ಹೇಳಿದ್ಲು ಅಂತ ನಿನ್ನಣ್ಣಂಗೆ ಹೇಳು. ಮರೀಬೇಡ."

"ಹೂಂ" ಎಂದೆ. ಗಾಡಿ ಹೋಯಿತು.

ಅವಳು ಹೋದ ಮೇಲೆ ನಾನೂ ಬಂಡೆಯ ಹತ್ತಿರ ಹೋದೆ. ಅಂಟುತ್ತಿದ್ದದ್ದು ಹಸಿಯಲ್ಲ. ಬಂಡೆಯ ಮೇಲೆ ಹರಿಗೋಲಿನ ಅಂಚು ಕೂತಿದ್ದಲ್ಲಿ ಕಪ್ಪು ಬಳೆ ಬಿದ್ದಿತ್ತು. ಡಾಂಬರು ಕರಗಿ ಬುಡದಿಂದ ಇಳಿದು ಬಂದಿತ್ತು. ಬಿದಿರಿನ ಎಲುಬು ಉಬ್ಬಿದ ಕಡೆಯಲ್ಲೆಲ್ಲ ಬಟ್ಟೆಯ ನೇಯ್ಗೆ ಬೆಳ್ಳಗೆ ಕಾಣುತ್ತಿತ್ತು. ಅಮ್ಮನಿಗೆ ಡಾಂಬರಿನ ಗುಣ ಗೊತ್ತಿಲ್ಲ, ಅವಳಿಗೆ ಗೊತ್ತಿದ್ದದ್ದು ಚರ್ಮ. ಆದರೂ ಅವಳ ಮಾತು ಸರಿಯಾಗಿಯೇ ಇತ್ತು, ನೀರಿಗಿಳಿಸಬಾರದು. ಮೆತ್ತಗಾಗಿದೆ, ಅಂಟುತ್ತದೆ ಎಂದು ಕೇಳಿದ್ದರೆ ಸಾಕಿತ್ತು, ಡಾಂಬರು ಕುದಿಸಿದವನು ಅಣ್ಣನೇ, ತಕ್ಷಣ ಎದ್ದು ಹೋಗಿ ನೋಡುತ್ತಿದ್ದ. ನನಗೆ ಆ ಕ್ಷಣದಲ್ಲಿ ಆದದ್ದು ಭಯವಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದದ್ದು ಸಂತೋಷ. ನಾಳೆ ಕಾಲು ನೆನೆಸಿಕೊಂಡು ನೀರು ಮೊಗೆದು ಚೆಲ್ಲುತ್ತ ಕೂರಲಿ, ಬಟ್ಟೆಯ ಹರಿಗೋಲು ಎಂದರೇನು ಎಂದು ತಿಳಿಯಲಿ ಎಂದುಕೊಂಡೆ. ಹಿಮ್ಮಡಿಗೆ ಅಂಟಿದ ಡಾಂಬರನ್ನು ಹುಲ್ಲಿಗೆ ಉಜ್ಜಿ ಮನೆಗೆ ಬಂದೆ.

ದೀಪ ಹಚ್ಚುವ ಹೊತ್ತಿಗೆ ಅಣ್ಣ ಬಂದ. ಅತ್ತಿಗೆ ಒಲೆಯ ಮುಂದಿದ್ದಳು, ಮಡಿಲಲ್ಲಿ ಆರು ತಿಂಗಳ ಮಗು. ಅಣ್ಣ ನನ್ನ ಎದುರಿಗೆ ಕೂತು, ನೂಲಿನ ಉಂಡೆಯನ್ನು ನನ್ನ ಕಡೆ ಉರುಳಿಸಿದ.

"ಏನ್ಲಾ, ಇನ್ನೂ ಮಾತಾಡಲ್ವಾ? ಅಮ್ಮ ಏನಾದ್ರೂ ಹೇಳಿ ಹೋದ್ಲಾ?"

ಕೇಳಿದ. ಬಾಯಿಬಿಟ್ಟು ಕೇಳಿದ. ನಾನು ಉಂಡೆಯನ್ನು ಹಾಗೇ ಹಿಂದಕ್ಕೆ ತಳ್ಳಿ ಗೋಡೆಯ ಕಡೆ ತಿರುಗಿದೆ. ಅವನು ನಕ್ಕು, "ಇದ್ದುಕೊ ಹಾಗೇ" ಎಂದು ಊಟಕ್ಕೆ ಕೂತ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವನು ಹೋಗಿದ್ದ. ನನ್ನ ಬಲೆ ಹರಿದಿತ್ತು, ಅದನ್ನು ಹೊತ್ತುಕೊಂಡು ಏರಿಯ ಮೇಲೆ ಕೂತು ಹೊಲಿಯತೊಡಗಿದೆ. ಅಲ್ಲಿಂದ ಅವನು ಚೆನ್ನಾಗಿ ಕಾಣಬೇಕು, ಅದಕ್ಕೇ ಅಲ್ಲಿ ಕೂತದ್ದು. ಜಾಲಿ ಮರಗಳ ಸುತ್ತ ಬಲೆ ಬಿಟ್ಟಿದ್ದ. ಸ್ವಲ್ಪ ಹೊತ್ತಿಗೆ ಹುಟ್ಟು ಕೆಳಗಿಟ್ಟು ಮಡಕೆಯಿಂದ ನೀರು ಮೊಗೆದು ಚೆಲ್ಲುವುದು ಕಂಡಿತು. ನನಗೆ ನಗು ಬಂತು. ಅವನು ಬೇಗ ಬೇಗ ಚೆಲ್ಲತೊಡಗಿದ. ಹರಿಗೋಲು ಒಂದು ಕಡೆ ತಗ್ಗಿತು, ಆಮೇಲೆ ಇರಲಿಲ್ಲ. ಅಣ್ಣನ ತಲೆ ಕಂಡಿತು, ಒಂದು ಕೈ ಮೇಲೆ ಬಂತು. ಆ ಕೆರೆಯನ್ನು ಎರಡು ಸಲ ಅಡ್ಡ ಈಜಿ ಬರುತ್ತಿದ್ದವನು ಅವನು. ಈಜಲು ಸೊಂಟದ ಹಗ್ಗ ಬಿಡಲಿಲ್ಲ. ಅದರ ಇನ್ನೊಂದು ತುದಿ ಬಲೆಯಲ್ಲಿ, ಬಲೆ ಜಾಲಿಯ ಮುಳ್ಳಿನಲ್ಲಿ. ಹಗ್ಗ ಕೊಯ್ಯುವ ಚಾಕು ಹರಿಗೋಲಿನ ಜೊತೆಗೇ ಹೋಗಿತ್ತು. ನಾನು ಏರಿ ಇಳಿದು ಓಡಿ, ಅಪ್ಪನ ಹರಿಗೋಲನ್ನು ನೀರಿಗೆ ಉರುಳಿಸಿ, ಹುಚ್ಚನ ಹಾಗೆ ಹುಟ್ಟು ಹಾಕಿದೆ. ಅವಸರದಲ್ಲಿ ಹಾಕಿದರೆ ಅದು ಗಿರಗಿರ ತಿರುಗುತ್ತದೆ ಹೊರತು ಬೇಗ ಮುಂದೆ ಹೋಗುವುದಿಲ್ಲ. ಅಣ್ಣಾ ಅಣ್ಣಾ ಎಂದು ಕೂಗಿದೆ. ಆ ಮೂರು ತಿಂಗಳಲ್ಲಿ ನಾನು ಅವನನ್ನು ಕರೆದದ್ದು ಅದೇ ಮೊದಲು. ಹಗ್ಗ ಹಿಡಿದೆಳೆದಾಗ ಅವನು ಮೇಲೆ ಬಂದ, ಬಿಸಿಲಿಗೆ ಮುಖ ಮಾಡಿಕೊಂಡು, ಕಣ್ಣು ತೆರೆದೇ ಇತ್ತು.

ಅಮ್ಮನಿಗೆ ಹೇಳಿಕಳಿಸಿದರು. ಇಳಿಹೊತ್ತಿಗೆ ಬಂದಳು. ಗಾಡಿಯಿಂದ ಇಳಿಯುವಾಗಲೇ ಗೋಳಾಡುತ್ತಿದ್ದಳು. ಅಂಗಳದಲ್ಲಿ ಅವನನ್ನು ಮಲಗಿಸಿದ್ದರು. ಅವನ ಎದೆಯ ಮೇಲೆ ಬಿದ್ದು ಅತ್ತು, ಇದ್ದಕ್ಕಿದ್ದಂತೆ ತಲೆ ಎತ್ತಿ ನನ್ನನ್ನು ಹುಡುಕಿದಳು.

"ಹೇಳಿದ್ಯಾ ನೀನು? ನಾನು ಹೇಳು ಅಂದಿದ್ದು ಹೇಳಿದ್ಯಾ?"

ಊರೆಲ್ಲ ನಿಂತಿತ್ತು. "ಹೇಳಿದೆ" ಎಂದೆ.

"ಏನಂದ?"

"ನಕ್ಕ."

ಇಷ್ಟು ಸಲೀಸಾಗಿ ಬಂದ ಸುಳ್ಳು ನನ್ನ ಜೀವಮಾನದಲ್ಲೇ ಇನ್ನೊಂದಿಲ್ಲ. ಅವನು ಅವಳ ಮಾತಿಗೆ ದಿನವೂ ನಗುತ್ತಿದ್ದನಲ್ಲ, ಅವಳು ತಕ್ಷಣ ನಂಬಿದಳು. ಅಳು ಅಲ್ಲಿಗೇ ನಿಂತಿತು. ಅವನ ಎದೆಯ ಮೇಲಿಂದ ಕೈ ತೆಗೆದು, ಎದ್ದು ಒಳಗೆ ಹೋಗಿ ಕೂತಳು. ಮಣ್ಣು ಮಾಡಿ ಬರುವವರೆಗೂ ಹೊರಗೆ ಬರಲಿಲ್ಲ.

ತಿಂಗಳಾದ ಮೇಲೆ ಅತ್ತಿಗೆಯನ್ನು ಕರೆದುಕೊಂಡು ಹೋಗಲು ಮಾಲೂರಿನ ಕಡೆಯಿಂದ ಅವಳ ತಂದೆ ಬಂದರು. ಗಂಟು ಗಾಡಿಗೆ ಇಡುವಾಗ ಅವಳು ನನ್ನ ಪಕ್ಕದಲ್ಲಿ ನಿಂತು ನೆಲ ನೋಡುತ್ತ ಹೇಳಿದಳು.

"ಅವತ್ತು ನಾನು ಒಲೆ ಮುಂದೆಯೇ ಇದ್ದೆ. ನೀನು ಹೇಳಿದ್ದು ನನಗೆ ಕೇಳಿಸಲಿಲ್ಲ."

ಅಷ್ಟು ಹೇಳಿ ಗಾಡಿ ಹತ್ತಿದಳು, ಅಮ್ಮನಿಗೆ ಮಾತ್ರ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಹೇಳಿದ್ದರೆ ಆ ಮುದುಕಿಗೆ ಉಳಿದಿದ್ದ ಒಬ್ಬ ಮಗನೂ ಇಲ್ಲವಾಗುತ್ತಿದ್ದ ಎಂದುಕೊಂಡಳೋ ಏನೋ. ಆ ಮಗುವನ್ನು ನಾನು ಮತ್ತೆ ನೋಡಲಿಲ್ಲ.

ರೇವಿನಲ್ಲಿ ಉಳಿದದ್ದು ಅಪ್ಪನ ಹರಿಗೋಲು ಒಂದೇ. ನಾನು ಅದನ್ನು ಮತ್ತೆ ನೀರಿಗೆ ಇಳಿಸಲಿಲ್ಲ, ಗಣಿಯ ಕೆಲಸಕ್ಕೆ ಸೇರಿ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದೆ. ಅಮ್ಮ ಮಾತ್ರ ಅದನ್ನು ದಿನವೂ ಬಂಡೆಗೆ ಉರುಳಿಸಿ, ಇಳಿಹೊತ್ತಿಗೆ ಬಡಿದು, ಒಳಗೆ ತರುತ್ತಿದ್ದಳು. ನೀರನ್ನೇ ಕಾಣದ ಚರ್ಮ ಒಣಗಿ ಒಣಗಿ ಒಂದು ದಿನ ಬುಡದಿಂದ ಅಂಚಿನವರೆಗೆ ಸೀಳಿತು. ಆಮೇಲೆ ಅದು ಕೋಳಿ ಮುಚ್ಚುವುದಕ್ಕಾಯಿತು. ಯುದ್ಧ ಮುಗಿದು ಪೇಟೆಗೆ ಚರ್ಮ ಮತ್ತೆ ಬಂತಂತೆ. ಕೊಳ್ಳುವವರು ನಮ್ಮ ರೇವಿನಲ್ಲಿ ಯಾರೂ ಇರಲಿಲ್ಲ. ಬಂಡೆಯ ಮೇಲೆ ಎಮ್ಮೆ ಮಲಗುತ್ತಿದ್ದವು. ಆ ಕಪ್ಪು ಬಳೆ ಮಾತ್ರ ಎಷ್ಟು ಮಳೆ ಬಂದರೂ ಹೋಗಲಿಲ್ಲ, ನಾನು ಊರಿಗೆ ಹೋದಾಗಲೆಲ್ಲ ಆ ಕಡೆ ನೋಡದೆ ಏರಿಯ ಹಿಂದಿನ ದಾರಿಯಲ್ಲಿ ಸುತ್ತಿ ಹೋಗುತ್ತಿದ್ದೆ.

ಅಮ್ಮನ ಬಾಯಲ್ಲಿ ಅಣ್ಣ ಅಂದಿನಿಂದ 'ಆ ಮೊಂಡ' ಆದ. ಹೆಸರು ಹಿಡಿದು ಕರೆಯಲಿಲ್ಲ. ಅವನ ತಿಥಿಯ ದಿನ ಎಡೆ ಇಡುತ್ತಿದ್ದಳು, ಇಟ್ಟು "ಹೇಳಿದ್ದು ಕೇಳಿದ್ರೆ ಇವತ್ತು ನೀನೇ ಕೂತು ತಿಂತಿದ್ದೆ" ಎಂದು ಎಲೆಯನ್ನು ಬೈಯುತ್ತಿದ್ದಳು. ನಿಜ ಹೇಳಿಬಿಡಬೇಕು ಎಂದು ಪ್ರತಿ ವರ್ಷ ಅವತ್ತು ಬಾಯಿಗೆ ಬರುತ್ತಿತ್ತು. ಆಕೆ ಬಡಿಸಿದ ಅನ್ನವನ್ನು ಕಲಸಿಕೊಂಡು ತಿನ್ನುತ್ತಿದ್ದೆ. ನನ್ನಂಥ ಹೇಡಿಯನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ನಲವತ್ತರ ದಶಕದ ಕೊನೆಗೆ ಅಮ್ಮ ಹಾಸಿಗೆ ಹಿಡಿದಳು. ಕೆಲಸ ಬಿಟ್ಟು ಬಂದು ಹತ್ತಿರವೇ ಇದ್ದೆ. ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸುವಾಗ ನನ್ನ ಕೈ ಹಿಡಿದುಕೊಂಡಳು. ಆ ಬೆರಳ ಗೆಣ್ಣುಗಳು ಇನ್ನೂ ಗಟ್ಟಿಯಾಗಿದ್ದವು.

"ನೀನು ಹೇಳಬೇಕಾದ್ದು ಹೇಳ್ದೆ ಕಣೋ. ನಿನ್ನ ಮೇಲೆ ತಪ್ಪಿಲ್ಲ. ಅವನು ಕೇಳಲಿಲ್ಲ, ನೀನೇನು ಮಾಡ್ತೀಯ? ಅದೇ ಕೊರಗಲ್ಲಿ ಇರಬೇಡ."

ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಎಂದು ನನಗೆ ಗೊತ್ತಿತ್ತು. ಅವಳು ಉತ್ತರಕ್ಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೂಂನಮ್ಮಾ" ಎಂದೆ.

ಎರಡು ದಿನ ಬಿಟ್ಟು ಹೋದಳು. ದೊಡ್ಡ ಮಗನಿಗಾಗಿ ಅಂದು ಅಂಗಳದಲ್ಲಿ ನಿಂತ ಅಳುವನ್ನು ಅವಳು ಮತ್ತೆ ಅಳಲೇ ಇಲ್ಲ.